ಕೃಷ್ಣನ ಪಾರ್ಟು ಯಾರಿಗೆ?

ಮೊನ್ನೆ ಬೆಳಿಗ್ಗೆ ಬಿಡದಿ ಬಸ್ ಸ್ಟ್ಯಾಂಡಿನ ಎದುರು ನಿಂತು ತಟ್ಟೆ ಇಡ್ಲಿ ತಿನ್ನುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು. ಕೈಯಲ್ಲಿ ತಟ್ಟೆ, ಬಾಯಲ್ಲಿ ಜಗಳ. ರಾಜಕೀಯವೋ ಕ್ರಿಕೆಟ್ಟೋ ಇರಬೇಕು ಅಂತ ಕಿವಿಗೊಟ್ಟರೆ ಎರಡೂ ಅಲ್ಲ. ಮತ್ಸ್ಯಕನ್ಯೆ!

2023ರಲ್ಲಿ ಡಿಸ್ನಿ ಕಂಪನಿಯವರು 'ದಿ ಲಿಟಲ್ ಮರ್ಮೇಡ್' ಅಂತ ಒಂದು ಚಿತ್ರ ತೆಗೆದರಲ್ಲ, ಅದರಲ್ಲಿ ನಾಯಕಿಯ ಪಾತ್ರ ಮಾಡಿದವಳು ಹ್ಯಾಲಿ ಬೈಲಿ ಎಂಬ ಕರಿಯರ ಹುಡುಗಿ. ಅದಕ್ಕೆ ಮುಂಚೆ 1989ರಲ್ಲಿ ಅದೇ ಕಂಪನಿ ತೆಗೆದ ಕಾರ್ಟೂನಿನಲ್ಲಿ ಅವಳು ಕೆಂಪು ಕೂದಲಿನ ಬಿಳೀ ಹುಡುಗಿ. ಸರಿ, ಲೋಕದಲ್ಲೆಲ್ಲ ಗಲಾಟೆ ಎದ್ದಿತ್ತು. ಆ ಗಲಾಟೆಯ ಬಾಲ ಈಗ ಬಿಡದಿಗೂ ಬಂದು ಮುಟ್ಟಿದೆ. "ಡೆನ್ಮಾರ್ಕ್ ದೇಶದವನು ಬರೆದ ಕಥೆ ಕಣೋ, ಅಲ್ಲಿ ಕಪ್ಪು ಹುಡುಗಿ ಎಲ್ಲಿಂದ ಬರ್ತಾಳೆ?" ಅಂತ ಒಬ್ಬ. "ಅರ್ಧ ಮೀನು ಅಂದ್ರೆ ನಂಬ್ತೀಯ, ಮಿಕ್ಕರ್ಧ ಕಪ್ಪು ಅಂದ್ರೆ ನಂಬಲ್ವಾ?" ಅಂತ ಇನ್ನೊಬ್ಬ. ನನಗೆ ನಗು ತಡೆಯಲಾಗಲಿಲ್ಲ. ಚಟ್ನಿ ನೆತ್ತಿಗೆ ಹತ್ತಿತು. "ನೀವೇ ಹೇಳಿ ಅಂಕಲ್, ಯಾರ ಪಾರ್ಟು ಯಾರು ಮಾಡ್ಬೇಕು?" ಅಂತ ಆ ಹುಡುಗರು ನನ್ನನ್ನೇ ಪಂಚಾಯ್ತಿಗೆ ಎಳೆದರು.

ನಾನು ಏನೂ ಹೇಳದೆ ಬಸ್ಸು ಹತ್ತಿಬಿಟ್ಟೆ. ಹೇಳುವುದಕ್ಕೆ ಇರಲಿಲ್ಲ ಅಂತಲ್ಲ. ಹೇಳಹೊರಟಿದ್ದರೆ 1978ರಿಂದ ಶುರು ಮಾಡಬೇಕಾಗಿತ್ತು, ಬಸ್ಸು ಅಷ್ಟು ಹೊತ್ತು ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಬಿಡದಿಯಿಂದ ಮೂರು ಮೈಲಿ ಒಳಕ್ಕೆ ನಮ್ಮೂರು. ಹೆಸರು ಬೇಡ, ಊರವರು ಇನ್ನೂ ಇದ್ದಾರೆ! 1977ರಲ್ಲಿ ಅಣ್ಣಾವ್ರ 'ಬಬ್ರುವಾಹನ' ಬಂದಿತ್ತು. ಅದನ್ನು ನೋಡಿದ ಮೇಲೆ ನಮ್ಮೂರ ಹುಡುಗರಿಗೆ ಪೌರಾಣಿಕದ ಹುಚ್ಚು ಹಿಡಿಯಿತು. ಹೊಲದಲ್ಲಿ ಕಳೆ ಕೀಳುವವನೂ ಅರ್ಜುನನೇ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವವನೂ ಅರ್ಜುನನೇ. ಕೊನೆಗೆ 1978ರ ಬೇಸಿಗೆಗೆ ಊರಲ್ಲಿ 'ಕುರುಕ್ಷೇತ್ರ' ಆಡಿಸೋಣ ಅಂತ ತೀರ್ಮಾನ ಆಯಿತು. ಚನ್ನಪಟ್ಟಣದ ಕಡೆಯಿಂದ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿದರು.

ಪಟ್ಟಣದ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಕುರುಕ್ಷೇತ್ರ ನಾಟಕದಲ್ಲಿ ನಟನಿಗೆ ಯಾರೂ ದುಡ್ಡು ಕೊಡುವುದಿಲ್ಲ. ನಟನೇ ದುಡ್ಡು ಕೊಟ್ಟು ಪಾರ್ಟು ತಗೊಳ್ಳುತ್ತಾನೆ! ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಬಳ, ಪಟ್ಟಣದಿಂದ ಬರುವ ದ್ರೌಪದಿಯ ಸಂಭಾವನೆ, ಎಲ್ಲ ಆ ದುಡ್ಡಿನಿಂದಲೇ ಆಗಬೇಕು. ಪಾರ್ಟು ದೊಡ್ಡದಾದಷ್ಟೂ ರೇಟು ಜಾಸ್ತಿ. ನಮ್ಮೂರಲ್ಲಿ ಆ ವರ್ಷ ದುರ್ಯೋಧನ ನಾನೂರು ರೂಪಾಯಿ, ಕೃಷ್ಣ ಮುನ್ನೂರೈವತ್ತು, ಅರ್ಜುನ ಮುನ್ನೂರು. ಹೀಗೆ ಇಳಿಯುತ್ತ ಇಳಿಯುತ್ತ ದ್ವಾರಪಾಲಕ. ಅವನಿಗೆ ದುಡ್ಡಿಲ್ಲ. ಬಿಟ್ಟಿ.

ನನ್ನ ಗೆಳೆಯನೊಬ್ಬ ಇದ್ದ. ಊರೆಲ್ಲ ಅವನನ್ನು ಕೂಗುತ್ತಿದ್ದದ್ದು ಕರಿಯ ಅಂತ. ಸ್ಕೂಲಿನ ರಿಜಿಸ್ಟರಿನಲ್ಲಿ ಅವನಿಗೆ ಬೇರೆ ಹೆಸರಿತ್ತು, ಚೆಂದದ ಹೆಸರು. ಅದನ್ನು ಬರೆಯಬೇಡ ಅಂದಿದ್ದಾನೆ, ಬರೆಯುವುದಿಲ್ಲ. ಕೇರಿಯ ಹುಡುಗ. ಬಣ್ಣ ಅಂದರೆ ಮಳೆ ಬಿದ್ದ ಮೇಲೆ ರಾಮದೇವರ ಬೆಟ್ಟದ ಬಂಡೆ ಹೊಳೆಯುತ್ತಲ್ಲ, ಆ ಬಣ್ಣ. ಗಂಟಲು ಅಂದರೆ... ಏನು ಹೇಳಲಿ, ಸಂಜೆ ಹೊತ್ತು ಅವನು ಎತ್ತು ಹೊಡೆದುಕೊಂಡು ಬರುತ್ತ ಒಂದು ಪದ ಎತ್ತಿದನೆಂದರೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ನಮ್ಮಮ್ಮ ಕೈ ನಿಲ್ಲಿಸುತ್ತಿದ್ದಳು. ನಾವಿಬ್ಬರೂ ಒಂದೇ ಸೈಕಲ್ಲಿನಲ್ಲಿ ಶೋಲೆ ಶೂಟಿಂಗ್ ನೋಡಲು ರಾಮನಗರಕ್ಕೆ ಹೋದವರು, ಹಿಂದೆ ಮುಂದೆ ಬದಲಾಯಿಸಿಕೊಂಡು ತುಳಿದವರು. ಆದರೆ ನಮ್ಮ ಮನೆಯಲ್ಲಿ ಅವನು ಜಗಲಿಯಿಂದ ಒಳಕ್ಕೆ ಬಂದವನಲ್ಲ. ಅದು ನನಗೆ ಆಗ ವಿಚಿತ್ರ ಅಂತಲೂ ಅನ್ನಿಸಿರಲಿಲ್ಲ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಪ್ರಾಕ್ಟೀಸು ಚಾವಡಿಯಲ್ಲಿ. ಮೊದಲನೇ ದಿನ ಮೇಷ್ಟ್ರು ಎಲ್ಲರ ಗಂಟಲೂ ನೋಡುತ್ತಿದ್ದರು. ನನ್ನ ಸರದಿ ಬಂತು, ಒಂದು ಕಂದ ಹೇಳಿದೆ. ಮೇಷ್ಟ್ರು ಹಾರ್ಮೋನಿಯಂ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತರು. ಆಮೇಲೆ ಹೊರಗೆ ಕತ್ತಲಲ್ಲಿ ಯಾರೋ ಅದೇ ಕಂದವನ್ನು ಅದೇ ಶ್ರುತಿಯಲ್ಲಿ ಎತ್ತಿದರು. ಮೇಷ್ಟ್ರು ಎದ್ದು ಬಾಗಿಲಿಗೆ ಬಂದು ನೋಡಿದರೆ ಕಟ್ಟೆಯ ಆ ಕಡೆ ಕರಿಯ ನಿಂತಿದ್ದಾನೆ. "ಇವನೇ ಕಣ್ರೀ ಕೃಷ್ಣ!" ಅಂದರು ಮೇಷ್ಟ್ರು. ಪಾಪ, ಹೊರ ಊರಿನವರು.

ಚಾವಡಿಯಲ್ಲಿ ಸೂಜಿ ಬಿದ್ದರೆ ಕೇಳುವಂತಿತ್ತು. ಮೊದಲು ಬಾಯಿ ಬಿಟ್ಟವರು ನಮ್ಮಪ್ಪ. "ಹುಡುಗ ಹಾಡಾದೇನೋ ಸರಿ ಮೇಷ್ಟ್ರೇ. ಆದ್ರೆ ಬಣ್ಣ ಹೊಂದಲ್ವಲ್ಲ" ಅಂದರು.

ಮೇಷ್ಟ್ರು ನಕ್ಕುಬಿಟ್ಟರು. "ಗೌಡ್ರೇ, ಕೃಷ್ಣ ಅಂದ್ರೇನೇ ಕಪ್ಪು ಅಂತ ಅರ್ಥ. ದ್ರೌಪದಿಗೂ ಕೃಷ್ಣೆ ಅಂತ ಹೆಸರು. ಅರ್ಜುನನಿಗಿರೋ ಹತ್ತು ಹೆಸರಲ್ಲಿ ಕೃಷ್ಣ ಅಂತಲೂ ಒಂದು. ಅಷ್ಟೇ ಯಾಕೆ, ಇದನ್ನೆಲ್ಲ ಬರೆದ ವ್ಯಾಸರು ಕೃಷ್ಣದ್ವೈಪಾಯನರು. ಬರೆದವರೂ ಕಪ್ಪು, ದೇವರೂ ಕಪ್ಪು, ಹೀರೋನೂ ಕಪ್ಪು, ಹೀರೋಯಿನ್ನೂ ಕಪ್ಪು. ನೀವು ಬಣ್ಣ ಹೊಂದಲ್ಲ ಅಂತೀರಲ್ಲ!"

ಈ ಮಾತಿಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಉತ್ತರ ಬೇರೆ ಕಡೆಯಿಂದ ಬಂತು. ಅರ್ಜುನನ ಪಾರ್ಟಿಗೆ ಆಗಲೇ ಅಡ್ವಾನ್ಸ್ ಕೊಟ್ಟಿದ್ದವನ ದೊಡ್ಡಪ್ಪ ಮೂಲೆಯಲ್ಲಿ ಬೀಡಿ ಸೇದುತ್ತ ಕೂತಿದ್ದವರು, "ಅದ್ಸರಿ, ಶಯನಗೃಹದ ಸೀನಲ್ಲಿ ಏನ್ಮಾಡ್ತೀರಾ?" ಅಂದರು.

ಗೊತ್ತಲ್ಲ ಆ ಸೀನು? ಕೃಷ್ಣ ಮಲಗಿದ್ದಾನೆ. ಯುದ್ಧಕ್ಕೆ ಸಹಾಯ ಕೇಳಲು ದುರ್ಯೋಧನನೂ ಅರ್ಜುನನೂ ಬರುತ್ತಾರೆ. ದುರ್ಯೋಧನ ತಲೆ ದೆಸೆ ಕೂರುತ್ತಾನೆ, ಅರ್ಜುನ ಕಾಲ ದೆಸೆ ಕೈ ಮುಗಿದು ನಿಲ್ಲುತ್ತಾನೆ. ಅಷ್ಟೇ ಅಲ್ಲ, ನಾಟಕ ಶುರುವಾಗುವ ಮುಂಚೆ ಕೃಷ್ಣನ ವೇಷದವನಿಗೆ ಊರ ಹೆಂಗಸರು ಆರತಿ ಎತ್ತುತ್ತಾರೆ. ಈಗ ಮೇಷ್ಟ್ರಿಗೂ ಅರ್ಥವಾಯಿತು. ತಲೆ ಬಗ್ಗಿಸಿ ಹಾರ್ಮೋನಿಯಂ ಮುಂದೆ ಕೂತರು. ಬಣ್ಣದ ಮಾತು ಅಲ್ಲಿಗೆ ಮುಗಿಯಿತು. ಅದು ಯಾವತ್ತೂ ಬಣ್ಣದ ಮಾತಾಗಿರಲೇ ಇಲ್ಲ ಅನ್ನಿ. ಆದರೆ ಊರವರಿಗೆ ನಾಚಿಕೆ ಇತ್ತಲ್ಲ, ನೇರವಾಗಿ ಹೇಳಲಾಗದ್ದಕ್ಕೆ ಬಣ್ಣ ಅಂತ ಹೆಸರಿಟ್ಟರು.

ನಮ್ಮಪ್ಪ ಮುನ್ನೂರೈವತ್ತು ರೂಪಾಯಿ ಎಣಿಸಿ ಇಟ್ಟರು. ಕೃಷ್ಣನ ಪಾರ್ಟು ನನಗೆ ಬಂತು. ಕರಿಯನಿಗೆ ದ್ವಾರಪಾಲಕನ ಪಾರ್ಟು ಕೊಡೋಣ, ದುಡ್ಡು ಬ್ಯಾಡ ಅಂದರು. ಅವನು ಬೇಡ ಅಂದ. ನಾನು? ನಾನು ಏನೂ ಅನ್ನಲಿಲ್ಲ. ನನಗೆ ಇಪ್ಪತ್ತೊಂದು ವರ್ಷ, ಕೃಷ್ಣನ ಕಿರೀಟದ ಕನಸು ಬೀಳುತ್ತಿತ್ತು.

ನಾಟಕದ ರಾತ್ರಿ ಮೇಕಪ್ಪಿನವನು ಸಫೇದಕ್ಕೆ ನೀಲಿ ಕಲಸಿ ನನ್ನ ಮುಖ, ಕೈ, ಕತ್ತು ಎಲ್ಲ ಬಳಿದ. ಕಪ್ಪು ಹೋಗಿ ನೀಲಿ ಯಾವಾಗ ಆಯಿತೋ ದೇವರಿಗೇ ಗೊತ್ತು. ಆರತಿ ಆಯಿತು. ಶಯನಗೃಹವೂ ಆಯಿತು. ಆದರೆ ಎರಡು ತಿಂಗಳು ರಾತ್ರಿ ರಾತ್ರಿ ಕಿರುಚಿದ ಗಂಟಲು ಸಂಧಾನದ ಸೀನಿಗೆ ಬರುವ ಹೊತ್ತಿಗೆ ಕೈ ಕೊಟ್ಟಿತು. ಬಾಯಿ ತೆಗೆದರೆ ಗಾಳಿ ಮಾತ್ರ! ಮೇಷ್ಟ್ರು ಅದೇನು ಮಾಡಿದರೋ, ಯಾರನ್ನು ಓಡಿಸಿದರೋ, ಐದು ನಿಮಿಷದಲ್ಲಿ ಸೈಡ್ ವಿಂಗಿನ ಕತ್ತಲಲ್ಲಿ ಕರಿಯ ಬಂದು ನಿಂತಿದ್ದ. ನಾನು ಬಾಯಿ ಆಡಿಸಿದೆ, ಅವನು ಹಾಡಿದ. ಜನ "ಒನ್ಸ್ ಮೋರ್, ಒನ್ಸ್ ಮೋರ್" ಅಂತ ಎದ್ದು ನಿಂತರು. ನೋಟಿನ ಹಾರ ಬಂತು. ಹಾರ ನನ್ನ ಕೊರಳಿಗೆ.

ಸಿನಿಮಾದಲ್ಲಿ ಇದೇನೂ ಹೊಸದಲ್ಲ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಾಜಕುಮಾರ್ ಅವರಿಗೆ ಎಷ್ಟೋ ವರ್ಷ ಪಿ.ಬಿ. ಶ್ರೀನಿವಾಸ್ ಹಾಡಲಿಲ್ಲವೇ? 1974ರಲ್ಲಿ 'ಸಂಪತ್ತಿಗೆ ಸವಾಲ್' ಬರುವತನಕ ಅಣ್ಣಾವ್ರ ಕೊರಳೆಂದರೆ ಪಿ.ಬಿ.ಎಸ್. ಕೊರಳೇ. ಆದರೆ ಪಿ.ಬಿ.ಎಸ್. ಹೆಸರು ಟೈಟಲ್ ಕಾರ್ಡಿನಲ್ಲಿ ಬರುತ್ತಿತ್ತು. ಮಾರನೇ ದಿನ ಹಾರದಿಂದ ಒಂದು ಹತ್ತು ರೂಪಾಯಿ ನೋಟು ಬಿಡಿಸಿಕೊಂಡು ಕೇರಿಗೆ ಹೋದೆ. ಕರಿಯ ನೋಟು ನೋಡಿದ, ನನ್ನ ಮುಖ ನೋಡಿದ. "ಕಿವಿ ಹಿಂದೆ ನೀಲಿ ಹಂಗೇ ಅದೆ, ತೊಳ್ಕೊ ಹೋಗ್ಲಾ" ಅಂದ. ನೋಟು ಮುಟ್ಟಲಿಲ್ಲ.

ಆಮೇಲೆ ಆರೇಳು ವರ್ಷ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಸ್ನೇಹ ಇತ್ತು. ಸಿನಿಮಾನೂ ಇತ್ತು. ಒಂದು ಸಲ ರಾಮನಗರದ ಬಂಡೆ ಹತ್ತಿರ ಒಂದು ಚಿತ್ರದ ಶೂಟಿಂಗಿಗೆ ಎಕ್ಸ್‌ಟ್ರಾ ಬೇಕು ಅಂತ ಸುದ್ದಿ ಬಂತು, ಚಿತ್ರದ ಹೆಸರು ಬೇಡ. ಹೋದೆವು. ಸಾಲಾಗಿ ನಿಲ್ಲಿಸಿ ಒಬ್ಬ ಅಸಿಸ್ಟೆಂಟು ಬೆರಳು ತೋರಿಸುತ್ತ ಬಂದ. "ನೀನು ಡಕಾಯಿತ. ನೀನು ಊರವನು. ನೀನು ಡಕಾಯಿತ. ನೀನು ಊರವನು." ಕಪ್ಪಗಿದ್ದವರೆಲ್ಲ ಡಕಾಯಿತರು, ಬೆಳ್ಳಗಿದ್ದವರೆಲ್ಲ ಊರವರು! ಕರಿಯನಿಗೆ ಕಳ್ಳ ಮೀಸೆ, ನನಗೆ ಜನಿವಾರ. "ಇಲ್ಲೂ ನೀನೇ ಗೆದ್ದೆ ಕಣ್ಲಾ" ಅಂತ ಅವನು ನಕ್ಕ. ಆ ನಗುವಿನಲ್ಲಿ ಸಿಟ್ಟು ಇರಲಿಲ್ಲ ಅಂತ ಆಗ ಅಂದುಕೊಂಡಿದ್ದೆ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಡೇವಿಡ್ ಲೀನ್!

ಹೌದು ಸ್ವಾಮಿ, 'ಲಾರೆನ್ಸ್ ಆಫ್ ಅರೇಬಿಯಾ' ತೆಗೆದ ಅದೇ ಡೇವಿಡ್ ಲೀನ್ ನಮ್ಮ ಸೀಮೆಗೆ ಬಂದಿದ್ದ. 'ರಯಾನ್ಸ್ ಡಾಟರ್' 1970ರಲ್ಲಿ ಬಂದ ಮೇಲೆ ಹದಿನಾಲ್ಕು ವರ್ಷ ಅವನ ಚಿತ್ರವೇ ಇರಲಿಲ್ಲ. ಕೊನೆಗೆ ಕೈಗೆ ತಗೊಂಡದ್ದು ಇ.ಎಂ. ಫಾರ್ಸ್ಟರ್ 1924ರಲ್ಲಿ ಬರೆದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿ. ಅದರಲ್ಲಿ ಮರಬಾರ್ ಗುಹೆಗಳು ಅಂತ ಬರುತ್ತವೆ. ಫಾರ್ಸ್ಟರಿಗೆ ಮಾದರಿ ಬಿಹಾರದ ಬರಾಬರ್ ಗುಹೆಗಳು. ಆ ಜಾಗ ಲೀನ್‌ಗೆ ಹಿಡಿಸಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಆರಿಸಿದ್ದು ಮಾಗಡಿಯ ಸಾವನದುರ್ಗವನ್ನೂ ರಾಮನಗರದ ರಾಮದೇವರ ಬೆಟ್ಟವನ್ನೂ. ಗುಹೆಯ ಬಾಯಿ ಬೇಕಲ್ಲ, ಚಿತ್ರದವರೇ ಬಂಡೆಯಲ್ಲಿ ಬಾಯಿ ಕೊರೆಸಿದರು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಚಂದ್ರಪುರದ ಬಜಾರು ಎದ್ದಿತು.

ನಾವಿಬ್ಬರೂ ಸೈಕಲ್ ತುಳಿದುಕೊಂಡು ಹೋಗಿ ದೂರದಿಂದ ನೋಡಿದೆವು. ಬಿಸಿಲು, ಬಂಡೆ, ಛತ್ರಿ, ಇರುವೆ ಸಾಲಿನಂತೆ ಜನ. ಅಲ್ಲಿಂದ ನಮಗೆ ಯಾರು ಡೈರೆಕ್ಟರು ಯಾರು ಅಡಿಗೆಯವರು ಅಂತಲೂ ತಿಳಿಯಲಿಲ್ಲ. ಆದರೆ ಕರಿಯ ಒಂದು ಮಾತು ಅಂದ, ಅದು ನೆನಪಿದೆ. "ನೋಡ್ಲಾ, ರಾಮನಗರದ ಬಂಡೆ ಶೋಲೆಯಲ್ಲಿ ರಾಮಗಢದ ಪಾರ್ಟು ಮಾಡ್ತು. ಈಗ ಬಿಹಾರದ ಬೆಟ್ಟದ ಪಾರ್ಟು ಮಾಡ್ತಾ ಅದೆ. ಬಂಡೆಗೆ ಮಾತ್ರ ಯಾವ ಪಾರ್ಟಾದ್ರೂ ಸಿಕ್ತದೆ!"

ಚಿತ್ರ 1984ರ ಕೊನೆಗೆ ಹೊರದೇಶದಲ್ಲಿ ಬಿಡುಗಡೆಯಾಯಿತು. ಹನ್ನೊಂದು ಆಸ್ಕರಿಗೆ ನಾಮಕರಣವಾಗಿ ಎರಡು ಬಂತು. ಪೆಗ್ಗಿ ಆಶ್‌ಕ್ರಾಫ್ಟ್ ಅಜ್ಜಿಗೆ ಒಂದು, ಸಂಗೀತದ ಮಾರಿಸ್ ಜಾರ್‌ಗೆ ಒಂದು. ನಮ್ಮ ಬೆಟ್ಟಕ್ಕೇನೂ ಕೊಡಲಿಲ್ಲ. ಬೆಂಗಳೂರಿಗೆ ಬಂದಾಗ ದಂಡು ಪ್ರದೇಶದ ಒಂದು ಇಂಗ್ಲಿಷ್ ಟಾಕೀಸಿನಲ್ಲಿ ಹೋಗಿ ಕೂತೆವು. ಡಾಕ್ಟರ್ ಅಜೀಜನ ಪಾತ್ರಕ್ಕೆ ವಿಕ್ಟರ್ ಬ್ಯಾನರ್ಜಿ, ಹಮೀದುಲ್ಲನಿಗೆ ಸಯೀದ್ ಜಾಫ್ರಿ, ವಕೀಲ ಅಮೃತರಾವ್‌ಗೆ ರೋಶನ್ ಸೇಠ್. ಎಲ್ಲ ನಮ್ಮವರೇ. ಸರಿ. ಇನ್ನು ಪ್ರೊಫೆಸರ್ ಗೋಡಬೋಲೆ ಅಂತ ಒಬ್ಬ ಬ್ರಾಹ್ಮಣ ಪಂಡಿತ ಬರುತ್ತಾನೆ. ಪೇಟ, ಕನ್ನಡಕ, ಹಣೆಗೆ ನಾಮ. ಹತ್ತಿರದಿಂದ ಮುಖ ತೋರಿಸಿದಾಗ ನೋಡಿದರೆ... ಅಯ್ಯೋ, ಇವನು ಯಾವ ಬ್ರಾಹ್ಮಣ? ಸರ್ ಅಲೆಕ್ ಗಿನೆಸ್! ಇಂಗ್ಲೆಂಡಿನ ಬಿಳೀ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಕೂತಿದ್ದಾನೆ!

ಕತ್ತಲಲ್ಲಿ ಕರಿಯ ನನ್ನ ಪಕ್ಕೆ ತಿವಿದ. "ನೋಡ್ಲಾ, ನಿನ್ನ ಅಣ್ಣ ಬಂದವ್ನೆ."

ನನಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ಚಿತ್ರ ಕಣ್ಣಿಗೆ ಹತ್ತಲಿಲ್ಲ. ಸಾವನದುರ್ಗ ಬಂತು, ಆನೆ ಬಂತು, ಗುಹೆ ಬಂತು, ನಾನು ಕಿವಿ ಹಿಂದೆ ಒರೆಸಿಕೊಳ್ಳುತ್ತ ಕೂತಿದ್ದೆ.

ಗಿನೆಸ್‌ನ ಕಥೆ ಆಮೇಲೆ ಓದಿ ತಿಳಿದುಕೊಂಡೆ. ಲೀನ್‌ಗೂ ಅವನಿಗೂ ಬಹಳ ಹಳೆಯ ಸ್ನೇಹ. 1948ರ 'ಆಲಿವರ್ ಟ್ವಿಸ್ಟ್'ನಲ್ಲಿ ಅವನು ಫಾಗಿನ್ ಎಂಬ ಯಹೂದಿ ಮುದುಕನಾಗಿ ದೊಡ್ಡ ಅಂಟು ಮೂಗು ಹಾಕಿಕೊಂಡಿದ್ದ. ಹಿಟ್ಲರನ ಕಾಲದಲ್ಲಿ ಯಹೂದಿಗಳ ಮಾರಣಹೋಮ ನಡೆದು ಸುಮಾರು ಮೂರು ವರ್ಷ ಆಗಿತ್ತು, ಅಷ್ಟೇ. ಅಂಥಾ ಹೊತ್ತಿನಲ್ಲಿ ಆ ಮೂಗು! ದೊಡ್ಡ ಗಲಾಟೆಯೇ ಆಯಿತು, ಅಮೆರಿಕದಲ್ಲಿ ಚಿತ್ರ 1951ರವರೆಗೂ ಬರಲಿಲ್ಲ, ಬಂದಾಗಲೂ ಕತ್ತರಿ ಹಾಕಿಸಿಕೊಂಡೇ ಬಂತು. 1962ರಲ್ಲಿ 'ಲಾರೆನ್ಸ್'ನಲ್ಲಿ ಅವನೇ ಅರಬ್ಬರ ರಾಜಕುಮಾರ ಫೈಸಲ್. ಆಮೇಲೆ ನಮ್ಮ ಗೋಡಬೋಲೆ. ಇದರಲ್ಲಿ ಅವನ ಅಭಿನಯದ ಒಂದಷ್ಟು ಭಾಗ, ಕಲಿತು ಮಾಡಿದ ಕುಣಿತ ಸಹಿತ, ಲೀನ್‌ನ ಕತ್ತರಿಗೇ ಹೋಯಿತು. ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಇಡೀ ದೇಶದ ತುಂಬ ನಾಮ ಹಾಕಿದವರಿರುವಾಗ, ನಾಟಕ ಕಂಪನಿಗಳಲ್ಲಿ ಪಳಗಿದ ಮುದುಕರು ಇರುವಾಗ ಇವನೇ ಬೇಕಾಗಿತ್ತೆ?

ಗಾಂಧಿ ಚಿತ್ರದ ಕಥೆ ಇನ್ನೂ ಸ್ವಾರಸ್ಯ. 1982ರಲ್ಲಿ ಗಾಂಧಿಯಾದ ಬೆನ್ ಕಿಂಗ್ಸ್‌ಲಿಗೆ ಹುಟ್ಟು ಹೆಸರೇನು ಗೊತ್ತೆ? ಕೃಷ್ಣ ಭಾಂಜಿ! ತಂದೆಯ ಕಡೆಯಿಂದ ಗುಜರಾತಿ ಮೂಲ. ಕೃಷ್ಣ ಎಂಬ ಹೆಸರಿಟ್ಟುಕೊಂಡರೆ ಪಾರ್ಟು ಸಿಕ್ಕುವುದಿಲ್ಲ ಅಂತ ಹೆಸರು ಬದಲಾಯಿಸಿಕೊಂಡವನು, ಕೊನೆಗೆ ಹೆಸರು ಮಾಡಿದ್ದು ಗಾಂಧಿಯಾಗಿ.

ಆವತ್ತು ರಾತ್ರಿ ಮೆಜೆಸ್ಟಿಕ್ಕಿನಿಂದ ಕೊನೇ ಬಸ್ಸು. ಕೆಂಗೇರಿ ದಾಟಿದ ಮೇಲೆ ಕರಿಯ ಬಾಯಿ ಬಿಟ್ಟ. ಏಳು ವರ್ಷ ಆದ ಮೇಲೆ.

"ಆ ಮುದುಕ ಚೆನ್ನಾಗೇ ಮಾಡವ್ನೆ. ಅವನ ಮೇಲೆ ನಂಗೇನೂ ಸಿಟ್ಟಿಲ್ಲ."

"ಮತ್ತೆ?"

"'ಚೋಮನ ದುಡಿ' ನೋಡಿದ್ವಲ್ಲ, ಟೆಂಟಲ್ಲಿ? ವಾಸುದೇವರಾವು ನಮ್ಮ ಕೇರಿಯೋನಾ? ಅಲ್ಲ. ಡ್ರಾಮಾದಿಂದ ಬಂದೋನು. ಆದ್ರೂ ಆಯಪ್ಪ ದುಡಿ ಹಿಡ್ಕಂಡಾಗ ನಮ್ಮಪ್ಪನ ಕೈ ನೋಡ್ದಂಗೇ ಆಯ್ತು ಕಣ್ಲಾ. ಅತ್ತುಬಿಟ್ಟೆ. ಬೇರೇರು ಮಾಡ್ಬಾರ್ದು ಅಂತ ನಾನೆಲ್ಲಿ ಅಂದೆ?" ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಲೇ ಹೇಳಿದ. "ಚೋಮನ ಪಾರ್ಟು ಅವರು ಮಾಡ್ಬೋದು. ಕೃಷ್ಣನ ಪಾರ್ಟು ನಾನ್ಯಾಕೆ ಮಾಡ್ಬಾರ್ದು? ಅದೊಂದು ಹೇಳು ಸಾಕು."

ನಾನು ಹೇಳಲಿಲ್ಲ. ಬಿಡದಿ ಬಂತು, ಇಳಿದೆವು.

ಆ ಪ್ರಶ್ನೆ ಇಟ್ಟುಕೊಂಡು ನೋಡುವುದಕ್ಕೆ ಶುರು ಮಾಡಿದ ಮೇಲೆ ಚಿತ್ರಗಳೇ ಬೇರೆ ಥರ ಕಾಣತೊಡಗಿದವು. 'ಚೋಮನ ದುಡಿ' 1975ರದು. ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ಸ್ವರ್ಣಕಮಲ ಬಂತು, ವಾಸುದೇವರಾಯರಿಗೆ ದೇಶದಲ್ಲೇ ಶ್ರೇಷ್ಠ ನಟ ಅಂತ ಪ್ರಶಸ್ತಿ ಬಂತು. ಬರಬೇಕಾದದ್ದೇ. ಅದಕ್ಕೂ ಮುಂಚಿನ 'ಸಂಸ್ಕಾರ'ದಲ್ಲಿ (1970) ಚಂದ್ರಿಯಾದವರು ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ ಸ್ನೇಹಲತಾ ರೆಡ್ಡಿ. ಅಗ್ರಹಾರದವರೆಲ್ಲ ದೂರ ಇಟ್ಟ ಹೆಣ್ಣಿನ ಪಾತ್ರ ಮಾಡಿದ ಆ ತಾಯಿ ತುರ್ತು ಪರಿಸ್ಥಿತಿಯಲ್ಲಿ ಜೈಲಿನಲ್ಲಿ ನರಳಿ, ಹೊರಗೆ ಬಂದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಕೊಂಡರು. ಅವರು ಚಂದ್ರಿಯ ಜಾತಿಯವರೇ ಅಂತ ಕೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ಇನ್ನೊಂದು ನೋಡಿ. 1977ರಲ್ಲಿ ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' ಚಿತ್ರವಾಯಿತು. ಅಲ್ಲಿ ಹಳ್ಳಿಗೆ ಅಮೆರಿಕದಿಂದ ಬರುವ ಸೊಸೆಯ ಪಾತ್ರಕ್ಕೆ ಪೌಲಾ ಲಿಂಡ್ಸೆ ಎಂಬ ಬಿಳೀ ಹುಡುಗಿಯನ್ನೇ ಕರೆತಂದರು. ನಮ್ಮ ಯಾವುದಾದರೂ ನಾಯಕಿಗೆ ಸಫೇದ ಬಳಿದು ನಿಲ್ಲಿಸೋಣ ಅಂತ ಯಾರೂ ಅನ್ನಲಿಲ್ಲ. ಅನ್ನುವುದೂ ಸರಿಯಲ್ಲ, ನಗೆಪಾಟಲಾಗುತ್ತಿತ್ತು. ಬಿಳೀ ಪಾತ್ರಕ್ಕೆ ಬಿಳಿಯರೇ ಬೇಕು ಅಂತ ಸಲೀಸಾಗಿ ಹೊಳೆಯುತ್ತದೆ. ಕಪ್ಪು ಪಾತ್ರಕ್ಕೆ ಬಂದಾಗ ಮಾತ್ರ ನಮಗೆ ಕಲೆ ಎಲ್ಲರ ಸ್ವತ್ತು, ನಟನಿಗೆ ಜಾತಿಯಿಲ್ಲ, ಮುಂತಾದ ದೊಡ್ಡ ಮಾತುಗಳು ನೆನಪಾಗುತ್ತವೆ.

ಹಾಲಿವುಡ್ಡಿನವರು ಇದರಲ್ಲಿ ನಮ್ಮ ಊರ ಕಮಿಟಿಗಿಂತ ಏನೂ ಕಡಿಮೆಯಿಲ್ಲ. 1937ರಲ್ಲಿ 'ದಿ ಗುಡ್ ಅರ್ಥ್' ಅಂತ ಚೀನಾದ ರೈತರ ಕಥೆ ತೆಗೆದರು. ಆಗ ಅಲ್ಲಿ ಆನಾ ಮೇ ವಾಂಗ್ ಅಂತ ಚೀನೀ ಮೂಲದ ಒಳ್ಳೆಯ ನಟಿ ಇದ್ದಳು, ಹೆಸರುವಾಸಿ. ನಾಯಕ ಪಾಲ್ ಮುನಿ ಬಿಳಿಯ. ಬೇರೆ ಬೇರೆ ವರ್ಣದವರು ತೆರೆಯ ಮೇಲೆ ಗಂಡ ಹೆಂಡತಿ ಆಗಬಾರದು ಅಂತ ಆ ಕಾಲದ ಕಟ್ಟಳೆ. ಹಾಗಾಗಿ ಚೀನೀ ಹೆಂಡತಿಯ ಪಾರ್ಟು ಲೂಯಿಸ್ ರೈನರ್ ಎಂಬ ಐರೋಪ್ಯ ನಟಿಗೆ ಹೋಯಿತು, ಅವಳಿಗೆ ಆಸ್ಕರೂ ಬಂತು. ಆನಾ ಮೇ ವಾಂಗ್‌ಗೆ ಮನೆ ಮುರಿಯುವ ಕೆಟ್ಟ ಹೆಂಗಸಿನ ಪಾತ್ರದ ಮಾತಾಡಿದರು. ಅವಳು ಬೇಡ ಅಂದಳು. ಇದನ್ನು ಓದಿದ ದಿನ ನನಗೆ ನಮ್ಮ ಚಾವಡಿಯೇ ಕಣ್ಣ ಮುಂದೆ ಬಂತು. ಅಲ್ಲೂ ಒಂದು ಶಯನಗೃಹದ ಸೀನು ಅಡ್ಡ ಬಂದಿತ್ತು, ನೋಡಿ!

ಹಾಗಾದರೆ ತಿರುಗಾಮುರುಗ ಆದರೆ? ಕಪ್ಪು ಮತ್ಸ್ಯಕನ್ಯೆಯ ಸಂಗತಿ? ಪೀಟರ್ ಬ್ರೂಕ್ ಅಂತ ಇಂಗ್ಲಿಷ್ ನಿರ್ದೇಶಕ ಮಹಾಭಾರತವನ್ನು 1985ರಲ್ಲಿ ನಾಟಕ ಮಾಡಿ 1989ರಲ್ಲಿ ಚಿತ್ರ ಮಾಡಿದ. ಅದರಲ್ಲಿ ದ್ರೌಪದಿ ಒಬ್ಬಳು ನಮ್ಮ ಮಲ್ಲಿಕಾ ಸಾರಾಭಾಯಿ. ಮಿಕ್ಕಂತೆ ದ್ರೋಣ ಜಪಾನಿನವನು, ಧರ್ಮರಾಯ ಪೋಲೆಂಡಿನವನು, ಅರ್ಜುನ ಇಟಲಿಯವನು, ಭೀಷ್ಮನೂ ಭೀಮನೂ ಆಫ್ರಿಕದ ಕರಿಯರು. ಕೃಷ್ಣ ಮಾತ್ರ ಅಲ್ಲೂ ಬಿಳಿಯನೇ, ಬ್ರೂಸ್ ಮೈಯರ್ಸ್ ಅಂತ! ನಮ್ಮ ಕೃಷ್ಣನ ಹಣೆಬರಹ.

ಈಚೆಗೆ ಮೊಮ್ಮಗಳ ಮೊಬೈಲಿನಲ್ಲಿ ಅದರ ತುಣುಕುಗಳನ್ನು ನೋಡಿದೆ. ಸುಳ್ಳು ಯಾಕೆ ಹೇಳಲಿ, ಭೀಷ್ಮನಾಗಿ ಸೋಟಿಗಿ ಕುಯಾಟೆ ಬಂದಾಗ ನನ್ನ ಹೊಟ್ಟೆಯೊಳಗೆ ಏನೋ ಮುಲುಕಾಡಿತು. ಇದೇನು, ನಮ್ಮ ಭೀಷ್ಮ ಹೀಗಾ ಅಂತ. ನಾನು ಇಷ್ಟೆಲ್ಲ ಬರೆಯುವವನು, ನನಗೇ ಹಾಗಾಯಿತು. ಐದು ನಿಮಿಷ ನೋಡಿದೆ. ಕಡ್ಡಿಯಂಥಾ ಮೈ, ಎತ್ತರ, ಬಾವಿಯಿಂದ ಬಂದಂಥ ದನಿ. ಹತ್ತು ನಿಮಿಷಕ್ಕೆ ಭೀಷ್ಮನೇ ಕೂತಿದ್ದ, ಆಫ್ರಿಕ ಎಲ್ಲೋ ಹೋಗಿತ್ತು. ಮೊಬೈಲು ತಗೊಂಡು ಹೋಗಿ ಕರಿಯನಿಗೂ ತೋರಿಸಿದೆ. ಅವನು ಕನ್ನಡಕ ಏರಿಸಿಕೊಂಡು ನೋಡಿ, "ನಮ್ಮ ಚಿಕ್ಕಪ್ಪನ ಹಂಗವ್ನೆ" ಅಂದ.

ಹಾಗಂತ ಬ್ರೂಕ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಗಿನೆಸ್ ಬಣ್ಣ ಬಳಿದುಕೊಂಡು ಗೋಡಬೋಲೆ ಆಗುವುದೂ, ಕುಯಾಟೆ ಬಣ್ಣ ಬಳಿದುಕೊಳ್ಳದೆ ಭೀಷ್ಮ ಆಗುವುದೂ ಒಂದೇ ತಕ್ಕಡಿಗೆ ಬರುವ ಮಾತಲ್ಲ. ಒಬ್ಬನಿಗೆ ಎಲ್ಲ ಪಾರ್ಟೂ ಮೊದಲಿಂದ ಇದ್ದದ್ದೇ, ಅದರ ಮೇಲೆ ಇದೂ ಒಂದು. ಇನ್ನೊಬ್ಬನಿಗೆ ಬಾಗಿಲು ಕಾಯುವ ಪಾರ್ಟು ಮಾತ್ರ ಇತ್ತು. ಬಸ್ ಸ್ಟ್ಯಾಂಡಿನ ಆ ಹುಡುಗರಿಗೆ ಇಷ್ಟಾದರೂ ಹೇಳಿ ಬರಬೇಕಾಗಿತ್ತು.

ನಮ್ಮಲ್ಲಿ ಏನಾದರೂ ಬದಲಾಯಿತೆ ಅಂದರೆ, 2007ರಲ್ಲಿ ಸೂರಿಯವರ 'ದುನಿಯಾ' ಬಂತಲ್ಲ, ಕಪ್ಪು ಮೈಯ ವಿಜಯ್ ಹೀರೋ ಆಗಿ ನಿಂತಾಗ ಟಾಕೀಸಿನಲ್ಲಿ ಕರಿಯ ಬಿಟ್ಟ ಶಿಳ್ಳೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಆಗ ಅವನಿಗೆ ಐವತ್ತು ದಾಟಿತ್ತು! ಆದರೆ ನಾಯಕಿಯರ ಬಣ್ಣದ ಮಾತು ಎತ್ತಬೇಡಿ. ಅಲ್ಲಿ ಇನ್ನೂ ಬೊಂಬಾಯಿ ರೈಲೇ ಓಡುತ್ತಿದೆ.

ಕರಿಯನ ವಿಷಯ ಹೇಳಿ ಮುಗಿಸುತ್ತೇನೆ. ತೊಂಬತ್ತರ ದಶಕದಲ್ಲಿ ಕೇರಿಯವರೇ ದುಡ್ಡು ಹಾಕಿ ತಮ್ಮದೇ ಕುರುಕ್ಷೇತ್ರ ಆಡಿದರು. ಕೃಷ್ಣ ಅವನೇ. ನೀಲಿ ಬೇಡ ಅಂದ, ಸಫೇದವೂ ಬೇಡ ಅಂದ. ಹಣೆಗೆ ನಾಮ, ತಲೆಗೆ ನವಿಲುಗರಿ, ಅಷ್ಟೇ. ನಾನು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಅಪ್ಪ ಬರಲಿಲ್ಲ. ಶಯನಗೃಹದ ಸೀನು ಬಂದಾಗ ನಮ್ಮ ಓಣಿಯ ನಾಲ್ಕಾರು ಜನ ಎದ್ದು ಹೋದರು, ಹತ್ತಾರು ಜನ ಕೂತೇ ಇದ್ದರು. ಸಂಧಾನದ ಸೀನಿನಲ್ಲಿ ಅವನು ಕಂದ ಎತ್ತಿದ. ಹದಿನೈದು ವರ್ಷದ ಹಿಂದೆ ನನ್ನ ಬಾಯಿಂದ ಬಂದಂತೆ ಊರು ಕೇಳಿದ್ದ ಅದೇ ದನಿ. ಯಾರಿಗಾದರೂ ಗುರುತು ಸಿಕ್ಕಿತೋ ಏನೋ ಅಂತ ಹಿಂದೆ ತಿರುಗಿ ನೋಡಿದೆ. ನನ್ನ ಕಡೆಯೇ ನೋಡುತ್ತಿದ್ದವಳು ಒಬ್ಬಳೇ, ನಮ್ಮಮ್ಮ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಈಗ ಅವನನ್ನು ಕರಿಯ ಅಂತ ಕರೆಯುವವನು ನಾನೊಬ್ಬನೇ. ಉಳಿದವರಿಗೆಲ್ಲ ಅವನು ಮೇಷ್ಟ್ರು. ಬಿಡದಿಯಲ್ಲಿ ಒಂದು ರೂಮು ಮಾಡಿಕೊಂಡು ಸಂಜೆ ಹೊತ್ತು ಹಾರ್ಮೋನಿಯಂ ಹಾಕಿ ಸುತ್ತಲ ಹಳ್ಳಿಯವರಿಗೆ ಪಾಠ ಹೇಳುತ್ತಾನೆ. ಈ ಸಲ ಹಬ್ಬಕ್ಕೆ ಒಂದು ಕುರುಕ್ಷೇತ್ರ ಕೂಡಿಸುತ್ತಿದ್ದಾನೆ. ನನ್ನ ಮೊಮ್ಮಗನಿಗೂ ಹುಚ್ಚು ಹತ್ತಿ ಅಲ್ಲಿಗೆ ಸೇರಿಕೊಂಡ. ಹೋದ ವಾರ ಮುಖ ಊದಿಸಿಕೊಂಡು ಮನೆಗೆ ಬಂದ.

"ಏನಾಯ್ತಪ್ಪಾ?"

"ಕೃಷ್ಣನ ಪಾರ್ಟು ಕೇಳ್ದೆ ತಾತ. ನಿಮ್ಮ ಫ್ರೆಂಡು ದ್ವಾರಪಾಲಕ ಮಾಡು ಅಂದ್ರು."

ಎದೆ ಧಸಕ್ಕೆಂದಿತು. ಅವತ್ತೇ ಸಂಜೆ ಬಿಡದಿಗೆ ಹೋದೆ. ಕರಿಯ ಶ್ರುತಿ ನೋಡುತ್ತ ಕೂತಿದ್ದ. ನಾನು ಕೇಳುವ ಮುಂಚೆಯೇ, "ಹುಡುಗನ ಗಂಟಲು ಇನ್ನೂ ನಿಂತಿಲ್ಲ ಕಣ್ಲಾ, ಈಗ ಎಳೆದ್ರೆ ನಿನ್ನ ಥರಾನೇ ಒಡೆದುಹೋಯ್ತದೆ. ಮುಂದಿನ ವರ್ಷ ನೋಡಾಣ" ಅಂದ.

"ಎಷ್ಟು ಕೊಡ್ಬೇಕು?" ಅಂತ ಜೇಬಿಗೆ ಕೈ ಹಾಕಿದೆ.

"ದ್ವಾರಪಾಲಕನಿಗೆ ದುಡ್ಡಿಲ್ಲ" ಅಂದು ಹಾರ್ಮೋನಿಯಂ ಎಳೆದುಕೊಂಡ.